ಪಾದರಸ ಕುಡಿದ ಕಟ್ಟಡ

ಹಡ್ಸನ್ ನದಿಯ ದಡದಲ್ಲಿ ನ್ಯೂಯಾರ್ಕ್ ನಗರಕ್ಕೆ ಎದುರಾಗಿರುವ ಹೊಬೊಕನ್ ಊರಿನ ಗ್ರ್ಯಾಂಡ್ ಸ್ಟ್ರೀಟಿನಲ್ಲಿ ಐದು ಅಂತಸ್ತಿನ ಒಂದು ಹಳೆಯ ಕಾರ್ಖಾನೆ ಕಟ್ಟಡವಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಪಾದರಸದ ಆವಿಯಿಂದ ಉರಿಯುವ ದೀಪಗಳು ತಯಾರಾಗುತ್ತಿದ್ದವು. ಮೊದಲು ಕೂಪರ್ ಹ್ಯೂವಿಟ್ ಕಂಪನಿಯ ಕೈಯಲ್ಲಿ, ಆಮೇಲೆ ಜನರಲ್ ಎಲೆಕ್ಟ್ರಿಕ್‌ನ ಕೈಯಲ್ಲಿ. ದೀಪದ ಕೆಲಸ ನಿಂತು ದಶಕಗಳು ಉರುಳಿದ ಮೇಲೆ, 1993ರಲ್ಲಿ, ಕಲಾವಿದರ ಒಂದು ಗುಂಪು ಆ ಕಟ್ಟಡವನ್ನು ಕೊಂಡು, ಎತ್ತರದ ಸೂರು ಮತ್ತು ದೊಡ್ಡ ಕಿಟಕಿಗಳನ್ನು ಮೆಚ್ಚಿ, ಮನೆ ಮತ್ತು ಸ್ಟುಡಿಯೋಗಳಾಗಿ ಮಾರ್ಪಡಿಸತೊಡಗಿತು. 1995ರಲ್ಲಿ ರಿಪೇರಿಗೆಂದು ನೆಲದ ಹಲಗೆ ಎಬ್ಬಿಸಿದಾಗ ಅಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ದ್ರವ ನಿಂತಿರುವುದು ಕಂಡಿತು. ಮೂತ್ರ ಪರೀಕ್ಷೆಗೆ ಒಳಗಾದ 29 ನಿವಾಸಿಗಳಲ್ಲಿ 20 ಮಂದಿಯಲ್ಲಿ ಪಾದರಸ ಲೀಟರಿಗೆ 20 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿತ್ತು. 1996ರ ಜನವರಿಯ ಹೊತ್ತಿಗೆ ಮನೆಗಳನ್ನು ತೆರವು ಮಾಡಿಸಲಾಯಿತು. ಮರುವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ತೀರ್ಮಾನವನ್ನು ಪ್ರಕಟಿಸಿತು: ನಿವಾಸಿಗಳು ಇನ್ನು ಅಲ್ಲಿಗೆ ಮರಳುವುದು ಬೇಡ, ಕಟ್ಟಡವನ್ನು ಕೆಡವುವುದೇ ಸರಿ.

ನೆಲದಡಿಯಲ್ಲಿ ಸಿಕ್ಕ ದ್ರವವನ್ನು ಬಾಚಿ ತೆಗೆದು, ನಾಲ್ಕು ದಿನ ಕಿಟಕಿ ತೆರೆದಿಟ್ಟು, ಚೆನ್ನಾಗಿ ತೊಳೆದರೆ ಸಾಲದೇ ಎಂಬ ಪ್ರಶ್ನೆ ಸಹಜವಾದದ್ದು. ಸಾಲದು. ಕಣ್ಣಿಗೆ ಕಾಣುವ ಪಾದರಸವನ್ನು ತೆಗೆಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ವರ್ಷಾನುಗಟ್ಟಲೆ ಪಾದರಸದ ಜೊತೆ ಬಾಳಿದ ಕಟ್ಟಡದಲ್ಲಿ ಗೋಡೆ, ಹಲಗೆ, ಗಾರೆ, ಬಣ್ಣ, ಕೊಳಾಯಿ ಎಲ್ಲವೂ ಅದನ್ನು ಹೀರಿಕೊಂಡು, ಮುಂದೆ ತಾವೇ ಅದನ್ನು ಉಸಿರಾಡತೊಡಗುತ್ತವೆ. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಎಷ್ಟು ಉಳಿದರೆ ಸಹಿಸಬಹುದು ಎಂಬುದರ ಮೇಲೆ ನಿಂತಿರುತ್ತದೆ.

ಒಂದು ಕಡೆ ನಿಲ್ಲದ ಮಕ್ಕಳನ್ನು ನಾವು ಪಾದರಸಕ್ಕೆ ಹೋಲಿಸುವುದುಂಟು, ಆ ಹೋಲಿಕೆ ಭೌತಶಾಸ್ತ್ರಕ್ಕೂ ಒಪ್ಪುತ್ತದೆ. ಪಾದರಸ ನೀರಿಗಿಂತ ಸುಮಾರು ಹದಿಮೂರೂವರೆ ಪಟ್ಟು ಭಾರ. ಅದರ ಮೇಲ್ಮೈ ಎಳೆತ ನೀರಿನದಕ್ಕಿಂತ ಆರೇಳು ಪಟ್ಟು ಹೆಚ್ಚು. ಹಾಗಾಗಿ ಅದು ನೀರಿನಂತೆ ಹರಡಿ ಒದ್ದೆ ಮಾಡುವುದಿಲ್ಲ, ಗುಂಡುಗುಂಡಾಗಿ ಉರುಳುತ್ತದೆ, ಉರುಳುತ್ತಾ ಒಡೆಯುತ್ತದೆ, ಒಡೆದದ್ದು ತನ್ನ ಭಾರಕ್ಕೇ ಕೆಳಗೆ ಇಳಿಯುವ ಸಂದು ಹುಡುಕುತ್ತದೆ. ಕೈಜಾರಿ ಬಿದ್ದ ಥರ್ಮಾಮೀಟರಿನ ಪಾದರಸವನ್ನು ಪೊರಕೆಯಿಂದ ಗುಡಿಸಲು ಹೋದವರಿಗೆ ಈ ಅನುಭವ ಇರುತ್ತದೆ: ಒಂದು ಹನಿ ಇದ್ದದ್ದು ಹತ್ತಾಗುತ್ತದೆ, ಹತ್ತು ನೂರಾಗುತ್ತದೆ, ಕೊನೆಗೆ ಟೈಲ್ಸ್ ಸಂದಿನಲ್ಲಿ ಸಾಸಿವೆಗಿಂತ ಸಣ್ಣ ಮಣಿಗಳ ಒಂದು ಸಾಲು ಮಿನುಗುತ್ತಿರುತ್ತದೆ. ಇದರಲ್ಲಿ ಒಂದು ಲೆಕ್ಕವಿದೆ. ಒಂದು ಹನಿಯನ್ನು ಒಂದೇ ಗಾತ್ರದ ಸಾವಿರ ಹನಿಗಳಾಗಿ ಒಡೆದರೆ ಪಾದರಸದ ತೂಕ ಅಷ್ಟೇ ಇರುತ್ತದೆ, ಆದರೆ ಗಾಳಿಗೆ ತೆರೆದುಕೊಂಡ ಮೇಲ್ಮೈ ಹತ್ತು ಪಟ್ಟಾಗುತ್ತದೆ. ಆವಿ ಏಳುವುದು ಮೇಲ್ಮೈಯಿಂದ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಇದಕ್ಕೆ ಬಳಸಲೇಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದು ಪಾದರಸವನ್ನು ಎಳೆದು, ಒಳಗೆ ಬಿಸಿ ಮಾಡಿ, ಆವಿಯಾಗಿಸಿ ಹಿಂಬದಿಯಿಂದ ಕೋಣೆಗೇ ಊದುತ್ತದೆ.

ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 14 ಮಿಲಿಗ್ರಾಂ ಪಾದರಸದ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಆ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜನ ವಾಸಿಸುವ ಮನೆಯ ಗಾಳಿಯಲ್ಲಿ ಅಮೆರಿಕದ ಆರೋಗ್ಯ ಅಧಿಕಾರಿಗಳು ಒಪ್ಪುವ ಮಿತಿ ಘನ ಮೀಟರಿಗೆ 1 ಮೈಕ್ರೋಗ್ರಾಂ, ಹತ್ತು ದಾಟಿದರೆ ಜನರನ್ನು ಹೊರಗೆ ಕಳಿಸಬೇಕು ಎನ್ನುತ್ತಾರೆ. ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ ಎಂಬುದನ್ನು ನೆನಪಿಟ್ಟುಕೊಂಡು, ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಒಂದು ಸಾಧಾರಣ ಮಲಗುವ ಕೋಣೆಯನ್ನು ಊಹಿಸಿಕೊಳ್ಳೋಣ. ಅದರೊಳಗೆ 36 ಘನ ಮೀಟರ್ ಗಾಳಿಯಿದೆ. ಆ ಗಾಳಿಯನ್ನು ಮಿತಿಯ ಅಂಚಿಗೆ ತರಲು 36 ಮೈಕ್ರೋಗ್ರಾಂ ಸಾಕು, ಅಂದರೆ ಒಂದು ಗ್ರಾಂ ಪಾದರಸದ ಸುಮಾರು ಇಪ್ಪತ್ತೆಂಟು ಸಾವಿರದಲ್ಲಿ ಒಂದು ಭಾಗ. ನಿಜವಾದ ಕೋಣೆಯಲ್ಲಿ ಗಾಳಿ ಬದಲಾಗುತ್ತಿರುತ್ತದೆ, ಆವಿಯೂ ನಿಧಾನವಾಗಿ ಏಳುತ್ತದೆ, ಆದ್ದರಿಂದ ಒಂದು ಥರ್ಮಾಮೀಟರು ಒಡೆದರೆ ಮನೆ ಬಿಟ್ಟು ಓಡಬೇಕಾಗಿಲ್ಲ. ಆದರೆ ಒಂದು ಗ್ರಾಮಿನ ಬದಲು ಹತ್ತಾರು ವರ್ಷ ಚೆಲ್ಲಿದ ಪಾದರಸ ಹಲಗೆಯಡಿ ಕೂತಿದ್ದರೆ, ಗಾಳಿ ಎಷ್ಟು ಬದಲಾದರೂ ಅದು ಹೊಸದಾಗಿ ಆವಿಯನ್ನು ಒದಗಿಸುತ್ತಲೇ ಇರುತ್ತದೆ.

ದೇಹದೊಳಗೆ ಹೋಗುವ ದಾರಿಯೂ ಇಲ್ಲಿ ಮುಖ್ಯ. ಲೋಹರೂಪದ ಪಾದರಸವನ್ನು ನುಂಗಿದರೆ ಅದರ ಅತ್ಯಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಹಾಗೆಯೇ ಹೊರಹೋಗುತ್ತದೆ. ಆವಿಯಾಗಿ ಉಸಿರಾಡಿದರೆ ಮಾತ್ರ ನೂರರಲ್ಲಿ ಎಂಬತ್ತರಷ್ಟು ಶ್ವಾಸಕೋಶದ ಮೂಲಕ ರಕ್ತಕ್ಕಿಳಿದು, ಅಲ್ಲಿಂದ ಮಿದುಳು ಮತ್ತು ಮೂತ್ರಪಿಂಡಗಳನ್ನು ತಲುಪುತ್ತದೆ. ಕೈ ನಡುಕ, ಒಸಡಿನ ಊತ, ನಿದ್ದೆಗೇಡಿತನ, ಕಾರಣವಿಲ್ಲದ ಸಿಡುಕು, ಮರೆವು ಇವು ದೀರ್ಘಕಾಲ ಆವಿಯಲ್ಲಿದ್ದವರ ಲಕ್ಷಣಗಳು. ಇವುಗಳಲ್ಲಿ ಒಂದೂ ಪಾದರಸದ್ದೇ ಎಂದು ಬೆರಳು ಮಾಡಿ ತೋರಿಸುವಂಥದ್ದಲ್ಲ, ಹಾಗಾಗಿ ವೈದ್ಯರಿಗೂ ಅನುಮಾನ ಬರುವುದು ತಡವಾಗಿ.

ಮಕ್ಕಳಿಗೆ ಅಪಾಯ ಹೆಚ್ಚು, ಏಕೆಂದರೆ ಅವರು ನೆಲಕ್ಕೆ ಹತ್ತಿರವಾಗಿ ಆಡುತ್ತಾರೆ, ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಸೇವಿಸುತ್ತಾರೆ. ಹೊಬೊಕನ್ ಇರುವ ನ್ಯೂಜೆರ್ಸಿ ರಾಜ್ಯದಲ್ಲೇ, ಫ್ರ್ಯಾಂಕ್ಲಿನ್ ಟೌನ್‌ಶಿಪ್ ಎಂಬಲ್ಲಿ, ಅಕ್ಯುಥರ್ಮ್ ಎಂಬ ಥರ್ಮಾಮೀಟರ್ ಕಾರ್ಖಾನೆಯಿದ್ದ ಕಟ್ಟಡದಲ್ಲಿ 2004ರಲ್ಲಿ ಶಿಶುವಿಹಾರ ತೆರೆಯಿತು. 2006ರ ಜುಲೈನಲ್ಲಿ ಒಳಗಿನ ಗಾಳಿಯನ್ನು ಅಳೆದಾಗ ಅದನ್ನು ತಕ್ಷಣ ಮುಚ್ಚಬೇಕಾಯಿತು. ಪರೀಕ್ಷಿಸಿದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರ ದೇಹದಲ್ಲಿ ಪಾದರಸದ ಮಟ್ಟ ಏರಿತ್ತು. ಎರಡು ವರ್ಷ ಆ ಮಕ್ಕಳು ಮಲಗಿದ್ದು, ಅಂಬೆಗಾಲಿಟ್ಟದ್ದು ಅದೇ ನೆಲದ ಮೇಲೆ. ಆ ಕಟ್ಟಡವನ್ನೂ 2010ರಲ್ಲಿ ಕೆಡವಿದರು. ಹೊಸ ಬಣ್ಣ, ಹೊಸ ನೆಲಹಾಸು, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರಗಳು ಇವೆಲ್ಲ ಕಟ್ಟಡದ ಹಿಂದಿನ ಕಸುಬನ್ನು ಎಷ್ಟು ಸುಲಭವಾಗಿ ಮರೆಸುತ್ತವೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ನನಗೆ ಗೊತ್ತಿಲ್ಲ.

ಮೂಗಿಗೆ ಗೊತ್ತಾಗದ್ದನ್ನು ಅಳೆಯುವುದು ಹೇಗೆ? ಒಂದು ಉಪಾಯ ಚಿನ್ನದ್ದು. ಪಾದರಸ ಚಿನ್ನವನ್ನು ಬಿಡದೆ ಹಿಡಿದುಕೊಳ್ಳುತ್ತದೆ ಎಂಬುದು ಅಕ್ಕಸಾಲಿಗರಿಗೆ ಹೊಸ ಸಂಗತಿಯಲ್ಲ. ಕೋಲಾರದ ಗಣಿಗಳಲ್ಲಿ ಕುಟ್ಟಿದ ಅದಿರನ್ನು ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದದ್ದೂ ಇದೇ ಗುಣವನ್ನು ನಂಬಿ. ಅಳತೆಯ ಉಪಕರಣ ಅದನ್ನೇ ತಿರುಗಿಸಿ ಬಳಸುತ್ತದೆ. ಕೂದಲಿಗಿಂತ ಎಷ್ಟೋ ತೆಳುವಾದ ಚಿನ್ನದ ಪೊರೆಯ ಮೇಲೆ ಕೋಣೆಯ ಗಾಳಿಯನ್ನು ಹಾಯಿಸಿದರೆ, ಗಾಳಿಯಲ್ಲಿರುವ ಪಾದರಸ ಚಿನ್ನಕ್ಕೆ ಅಂಟಿಕೊಂಡು ಪೊರೆಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯಿಂದ ಪ್ರಮಾಣ ತಿಳಿಯುತ್ತದೆ. ಇನ್ನೊಂದು ಬಗೆಯ ಉಪಕರಣದಲ್ಲಿ ಪಾದರಸದ್ದೇ ಒಂದು ಪುಟ್ಟ ದೀಪ ಉರಿಯುತ್ತಿರುತ್ತದೆ. ಅದರ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಗಾಳಿಯಲ್ಲಿರುವ ಪಾದರಸ ಎಷ್ಟು ಹೀರಿತು ಎಂಬುದನ್ನು ಲೆಕ್ಕ ಹಾಕುತ್ತಾರೆ. ಹೊಬೊಕನ್‌ನಲ್ಲಿ ತಯಾರಾಗುತ್ತಿದ್ದ ದೀಪಗಳ ದಾಯಾದಿಯೇ ಅಲ್ಲಿಯ ವಿಷವನ್ನು ಬಯಲಿಗೆಳೆಯಬಲ್ಲದು.

ಅಳೆಯುವ ಕ್ರಮದಲ್ಲೂ ಜಾಣತನ ಬೇಕು. ಕಿಟಕಿ ತೆರೆದಿಟ್ಟ ಚಳಿಗಾಲದ ಬೆಳಿಗ್ಗೆ ಅಳೆದರೆ ಎಂಥ ಕಟ್ಟಡವೂ ಪಾಸಾಗಬಹುದು. ಬಾಗಿಲು ಕಿಟಕಿ ಮುಚ್ಚಿ, ಕೋಣೆಯನ್ನು ಬೆಚ್ಚಗೆ ಇಟ್ಟು, ಗಂಟೆಗಟ್ಟಲೆ ಬಿಟ್ಟು, ಎದೆಮಟ್ಟದಲ್ಲೂ ನೆಲದ ಹತ್ತಿರವೂ ಅಳೆದಾಗ ಸಿಗುವ ಸಂಖ್ಯೆಯೇ ನಂಬಲು ಯೋಗ್ಯವಾದದ್ದು.

ಶುಚಿಗೊಳಿಸುವ ಕೆಲಸ ಕಟ್ಟಡವನ್ನು ಹೊರಗಿನಿಂದ ಬೇರ್ಪಡಿಸುವುದರಿಂದ ಮೊದಲಾಗುತ್ತದೆ. ಕೆಲಸ ನಡೆಯುವ ಭಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯ ಗೋಡೆ ಕಟ್ಟಿ, ಒಳಗಿನ ಗಾಳಿಯನ್ನು ಫ್ಯಾನಿನಿಂದ ಸದಾ ಹೊರಕ್ಕೆ ಎಳೆಯುತ್ತಾರೆ. ಎಳೆದ ಗಾಳಿ ಗಂಧಕ ಸೇರಿಸಿದ ಇದ್ದಿಲಿನ ಮೂಲಕ ಹಾದು ಪಾದರಸವನ್ನು ಅಲ್ಲಿ ಬಿಟ್ಟು ಹೋಗಬೇಕು. ಒಳಗೆ ಒತ್ತಡ ಕಡಿಮೆಯಿರುವುದರಿಂದ ಎಲ್ಲಿ ಬಿರುಕಿದ್ದರೂ ಗಾಳಿ ಹೊರಗಿನಿಂದ ಒಳಕ್ಕೆ ನುಗ್ಗುತ್ತದೆಯೇ ಹೊರತು ಒಳಗಿನದು ಬೀದಿಗೆ ಸೋರುವುದಿಲ್ಲ. ಕೆಲಸಗಾರರು ಮುಖಪೂರ್ತಿ ಮುಚ್ಚುವ, ಪಾದರಸದ ಆವಿಗೆಂದೇ ತಯಾರಿಸಿದ ಶೋಧಕವುಳ್ಳ ಮುಸುಕು ಧರಿಸಿ ಒಳಹೋಗುತ್ತಾರೆ, ಹೊರಬರುವಾಗ ಬಟ್ಟೆ ಬೂಟುಗಳನ್ನು ಅಲ್ಲೇ ಕಳಚುತ್ತಾರೆ. ಬೂಟಿನ ಅಡಿಯಲ್ಲಿ ಒಂದು ಹನಿ ಅಂಟಿಕೊಂಡು ಮನೆಗೆ ಬಂದರೆ ಈ ಎಲ್ಲ ಸರ್ಕಸ್ಸು ವ್ಯರ್ಥ.

ಆಮೇಲೆ ಹುಡುಕಾಟ. ಟಾರ್ಚನ್ನು ಎತ್ತಿ ಹಿಡಿದರೆ ಪಾದರಸ ಕಾಣುವುದಿಲ್ಲ. ನೆಲಕ್ಕೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟಾಗ ಹನಿಗಳು ಒಂದೊಂದಾಗಿ ಮಿನುಗುತ್ತವೆ. ಮರದ ಹಲಗೆಯನ್ನು ಎಬ್ಬಿಸಿದರೆ ಅದರ ಅಡಿಯ ತೊಲೆಯ ಮೇಲೆ, ಮೊಳೆ ಹೊಡೆದ ತೂತಿನಲ್ಲಿ, ಗೋಡೆ ಮತ್ತು ನೆಲ ಕೂಡುವ ಮೂಲೆಯ ದೂಳಿನೊಳಗೆ ಅದು ಬೂದು ಪುಡಿಯಂತೆ ಕೂತಿರುತ್ತದೆ, ಏಕೆಂದರೆ ಹಳೆಯ ಹನಿಗಳ ಮೇಲೆ ದೂಳು ಮತ್ತು ಆಕ್ಸೈಡಿನ ಪದರ ಕಟ್ಟಿ ಹೊಳಪು ಹೋಗಿರುತ್ತದೆ. ತೊಳೆಯುವ ಬೇಸಿನ್ನಿನ ಕೆಳಗಿನ ಡೊಂಕು ಕೊಳಾಯಿಯನ್ನಂತೂ ಬಿಚ್ಚಿ ನೋಡಲೇಬೇಕು. ದುರ್ವಾಸನೆ ತಡೆಯಲು ಸದಾ ನೀರು ನಿಲ್ಲುವಂತೆ ಬಾಗಿಸಿದ ಆ ತಿರುವಿನಲ್ಲಿ, ವರ್ಷಗಟ್ಟಲೆ ತೊಳೆದು ಬಿಟ್ಟ ಪಾದರಸ ಭಾರದಿಂದಾಗಿ ಮುಂದೆ ಹೋಗಲಾರದೆ ತಳದಲ್ಲಿ ಮಡುಗಟ್ಟಿರುತ್ತದೆ. ಹಳೆಯ ಪ್ರಯೋಗಾಲಯಗಳಲ್ಲಿ, ದಂತವೈದ್ಯರ ಹಳೆಯ ಕೊಠಡಿಗಳಲ್ಲಿ ಮೊದಲು ನೋಡಬೇಕಾದ ಜಾಗವೂ ಇದೇ.

ಚೆಲ್ಲಿದ ಪಾದರಸದ ಮೇಲೆ ಗಂಧಕದ ಪುಡಿ ಎರಚುವ ರೂಢಿ ಬಹಳ ಕಡೆ ಇದೆ, ಅದರ ಬಗ್ಗೆ ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ಪಾದರಸವೂ ಗಂಧಕವೂ ಕೂಡಿದರೆ ಕಪ್ಪಾದ ಪಾದರಸದ ಸಲ್ಫೈಡ್ ಆಗುತ್ತದೆ, ಅದು ಆವಿಯಾಗದು, ನೀರಿನಲ್ಲೂ ಕರಗದು. ನಮ್ಮ ರಸಶಾಸ್ತ್ರದವರು ಕಜ್ಜಲಿ ಎನ್ನುವುದು ಇದನ್ನೇ. ಆದರೆ ಕಜ್ಜಲಿ ಮಾಡುವ ವೈದ್ಯರು ಎರಡನ್ನೂ ಖಲ್ವದಲ್ಲಿ ಹಾಕಿ, ಹೊಳಪಿನ ಒಂದು ಚುಕ್ಕೆಯೂ ಉಳಿಯದ ತನಕ, ಗಂಟೆಗಳ ಕಾಲ ಅರೆಯುತ್ತಾರೆ. ಆ ಅರೆತವೇ ರಹಸ್ಯ. ಸಾಧಾರಣ ಉಷ್ಣತೆಯಲ್ಲಿ ಸುಮ್ಮನೆ ಎರಚಿದ ಗಂಧಕ ಹನಿಯ ಹೊರಮೈಯೊಡನೆ ಮಾತ್ರ ನಿಧಾನವಾಗಿ ಕೂಡಿ ಒಂದು ತೆಳು ಚಿಪ್ಪು ಕಟ್ಟುತ್ತದೆ. ಒಳಗಿನ ಪಾದರಸ ಹಾಗೆಯೇ ಇರುತ್ತದೆ. ಯಾರಾದರೂ ತುಳಿದು ಚಿಪ್ಪು ಒಡೆದ ದಿನ ಆವಿ ಮತ್ತೆ ಏಳುತ್ತದೆ. ಗಂಧಕ ತಾತ್ಕಾಲಿಕ ಮುಚ್ಚಳ, ಪರಿಹಾರವಲ್ಲ. ಅದನ್ನು ನಂಬಿ ಕೆಲಸ ಮುಗಿಯಿತೆಂದು ಬಾಗಿಲು ಹಾಕಿಕೊಂಡವರೇ ಹೆಚ್ಚು ಎಂಬ ಅನುಮಾನ ನನ್ನದು.

ನುಣುಪಾದ, ರಂಧ್ರಗಳಿಲ್ಲದ ವಸ್ತುಗಳನ್ನು, ಅಂದರೆ ಗಾಜು, ಉಕ್ಕು, ಹೊಳಪಿನ ಟೈಲ್ಸುಗಳನ್ನು, ಪಾದರಸವನ್ನು ಕಟ್ಟಿಹಾಕುವ ರಾಸಾಯನಿಕ ದ್ರಾವಣಗಳಿಂದ ಒರೆಸಿ ಉಳಿಸಿಕೊಳ್ಳಬಹುದು. ಹಲಗೆ, ಕಾರ್ಪೆಟ್ಟು, ಸುಣ್ಣದ ಗಿಲಾವು, ಶಾಖನಿರೋಧಕ ಹತ್ತಿಯಂಥ ಪದರಗಳು ಉಳಿಯುವುದಿಲ್ಲ, ಕಿತ್ತು ತೆಗೆಯಬೇಕು. ಕಾಂಕ್ರೀಟು ಮತ್ತು ಇಟ್ಟಿಗೆ ಇವೆರಡರ ನಡುವಿನ ತಲೆನೋವು. ಅವುಗಳ ಮೇಲ್ಪದರವನ್ನು ಕೆತ್ತಿ ತೆಗೆಯುತ್ತಾರೆ. ಕಟ್ಟಡದ ಉಷ್ಣತೆಯನ್ನು ದಿನಗಟ್ಟಲೆ ಏರಿಸಿ, ಒಳಗೆ ಸೇರಿದ ಪಾದರಸ ಆವಿಯಾಗಿ ಹೊರಬರುವಂತೆ ಮಾಡಿ ಇದ್ದಿಲಿನ ಮೂಲಕ ಎಳೆಯುತ್ತಾರೆ. ಅಷ್ಟಾದ ಮೇಲೂ ಉಳಿದದ್ದು ಹೊರಬರದಂತೆ ಎಪಾಕ್ಸಿ ಬಣ್ಣ ಬಳಿದು ಮುಚ್ಚುತ್ತಾರೆ. ಬಳಿದ ಬಣ್ಣ ಎಷ್ಟು ವರ್ಷ ಬಾಳುತ್ತದೆ, ನಾಳೆ ಯಾರೋ ಗೋಡೆಗೆ ಮೊಳೆ ಹೊಡೆದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಬಂದಾಗ, ಮನೆಯಾಗಬೇಕಾದ ಕಟ್ಟಡದ ವಿಷಯದಲ್ಲಿ ಕೆಡವುವುದೇ ಕಡಿಮೆ ಅಪಾಯದ ದಾರಿಯಾಗಿ ಕಾಣುತ್ತದೆ. ಗೋದಾಮಾಗಿ ಬಳಸುವುದಾದರೆ ಉತ್ತರ ಬೇರೆಯಾದೀತು.

ಕೆಡವಿದ ಮಾತ್ರಕ್ಕೆ ಪಾದರಸ ಇಲ್ಲವಾಗುವುದಿಲ್ಲ. ಅದು ಮೂಲಧಾತು, ಕೀಟನಾಶಕ ಅಥವಾ ಎಣ್ಣೆಯಂಥ ವಿಷವನ್ನು ಸುಟ್ಟು ಒಡೆಯಬಹುದು, ಪಾದರಸವನ್ನು ಯಾವ ಬೆಂಕಿಯೂ ಒಡೆಯಲಾರದು. ಮಾಡಬಹುದಾದದ್ದೆಂದರೆ ಅದನ್ನು ಹರಡಿದ ಜಾಗದಿಂದ ಒಟ್ಟುಗೂಡಿಸಿ, ಮುಚ್ಚಿಟ್ಟ ಇನ್ನೊಂದು ಜಾಗಕ್ಕೆ ಸಾಗಿಸುವುದು. ಹೆಚ್ಚು ಪಾದರಸವಿರುವ ತ್ಯಾಜ್ಯವನ್ನು ಮುಚ್ಚಿದ ಕುಲುಮೆಯಲ್ಲಿ, ಗಾಳಿಯ ಒತ್ತಡ ತಗ್ಗಿಸಿ, ಕಾಯಿಸುತ್ತಾರೆ. ಪಾದರಸದ ಕುದಿಬಿಂದು ಸುಮಾರು 357 ಡಿಗ್ರಿ ಸೆಲ್ಸಿಯಸ್. ಒತ್ತಡ ತಗ್ಗಿಸಿದರೆ ಅದಕ್ಕೂ ಮೊದಲೇ ಆವಿಯಾಗಿ ಹೊರಡುತ್ತದೆ. ಆ ಆವಿಯನ್ನು ತಣಿಸಿ ಹನಿಹನಿಯಾಗಿ ಮತ್ತೆ ದ್ರವ ಪಾದರಸವನ್ನು ಹಿಡಿಯುತ್ತಾರೆ. ಭಟ್ಟಿ ಇಳಿಸುವ ವಿದ್ಯೆಯೇ ಇದು, ಇಳಿಯುವ ಸರಕು ಬೇರೆ ಅಷ್ಟೆ.

ನಮ್ಮ ನೆರೆಯಲ್ಲೇ ಈ ಎಲ್ಲ ಹಂತಗಳನ್ನೂ ಕಂಡ ಜಾಗವೊಂದಿದೆ: ತಮಿಳುನಾಡಿನ ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಚೀಸ್‌ಬ್ರೋ ಪಾಂಡ್ಸ್ ಕಂಪನಿ ನಡೆಸುತ್ತಿದ್ದ ಕಾರ್ಖಾನೆಯ ಯಂತ್ರಗಳು 1980ರ ದಶಕದ ಆರಂಭದಲ್ಲಿ ಪಳನಿ ಬೆಟ್ಟಕ್ಕೆ ಬಂದವು. 1987ರಲ್ಲಿ ಆ ಕಂಪನಿಯನ್ನು ಯೂನಿಲಿವರ್ ಕೊಂಡಿತು, ಕೊಡೈಕನಾಲಿನ ಘಟಕ ಆ ಮೂಲಕ ಯೂನಿಲಿವರ್‌ನ ಭಾರತದ ಅಂಗಸಂಸ್ಥೆ ಹಿಂದೂಸ್ತಾನ್ ಲಿವರ್ ಕೈಸೇರಿತು. 2001ರ ಮಾರ್ಚಿನಲ್ಲಿ ಊರಿನ ಒಂದು ಗುಜರಿ ಅಂಗಡಿಯಲ್ಲಿ ಪಾದರಸ ಮೆತ್ತಿದ ಒಡೆದ ಗಾಜು ಟನ್ನುಗಟ್ಟಲೆ ಬಿದ್ದಿರುವುದನ್ನು ಪರಿಸರ ಹೋರಾಟಗಾರರೂ ಊರಿನವರೂ ಬಯಲಿಗೆ ತಂದ ಮೇಲೆ ಕಾರ್ಖಾನೆ ಮುಚ್ಚಿತು. 2003ರಲ್ಲಿ ಗಾಜು, ಕೆಸರು ಮತ್ತಿತರ ಪಾದರಸದ ತ್ಯಾಜ್ಯ 290 ಟನ್ನಿನಷ್ಟನ್ನು ಹಡಗಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ, ಪಾದರಸ ಭಟ್ಟಿ ಇಳಿಸುವ ಸ್ಥಾವರಕ್ಕೆ, ಕಳಿಸಲಾಯಿತು. ಬಡ ದೇಶದ ಕಡೆಗೆ ಹರಿಯುವ ವಿಷದ ಕಸ ಒಮ್ಮೆಯಾದರೂ ತಿರುಗಿ ಹೋದದ್ದು ಅಪರೂಪ. ಅಲ್ಲಿ ದುಡಿದಿದ್ದ 591 ಮಾಜಿ ಕಾರ್ಮಿಕರೊಡನೆ ಕಂಪನಿ ಪರಿಹಾರದ ಒಪ್ಪಂದಕ್ಕೆ ಬಂದದ್ದು 2016ರಲ್ಲಿ, ಅಂದರೆ ಕಾರ್ಖಾನೆ ಮುಚ್ಚಿ ಹದಿನೈದು ವರ್ಷಗಳಾದ ಮೇಲೆ.

ಗಾಜು ಹೋಯಿತು, ಮಣ್ಣು ಉಳಿಯಿತು. ಕಾರ್ಖಾನೆಯ ಜಾಗವಿರುವುದು ಪಾಂಬಾರ್ ಶೋಲಾ ಕಾಡಿನ ನೆತ್ತಿಯ ಮೇಲೆ. ಅಲ್ಲಿ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ಪಾಂಬಾರ್ ಹೊಳೆ ಸೇರಿ ಬಯಲಿಗಿಳಿಯುತ್ತದೆ. ಮಣ್ಣನ್ನು ಶುಚಿಗೊಳಿಸಲು ಅದನ್ನು ಅಗೆದು, ಜರಡಿ ಹಿಡಿದು, ತೊಳೆಯುತ್ತಾರೆ. ಪಾದರಸ ಹೆಚ್ಚಾಗಿ ಅಂಟಿಕೊಳ್ಳುವುದು ಜೇಡಿಯಂಥ ಸಣ್ಣ ಕಣಗಳಿಗೆ, ಆದ್ದರಿಂದ ಮರಳು ಮತ್ತು ಕಲ್ಲು ತೊಳೆದು ಬೇರೆಯಾದ ಮೇಲೆ ಉಳಿದ ನುಣ್ಣನೆಯ ಮಣ್ಣನ್ನಷ್ಟೇ ಕುಲುಮೆಗೆ ಹಾಕಿದರೆ ಸಾಕಾಗುತ್ತದೆ. ವಿಧಾನದ ಬಗ್ಗೆ ಅಷ್ಟಾಗಿ ತಕರಾರಿರಲಿಲ್ಲ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಜಗಳ ನಡೆದದ್ದು ಒಂದು ಸಂಖ್ಯೆಯ ಮೇಲೆ. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿಯುವಷ್ಟು ಶುಚಿಗೊಳಿಸಿದರೆ ಸಾಕು ಎಂಬುದು ಕಂಪನಿ ಮುಂದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಗುರಿ; ಬ್ರಿಟನ್ನಿನಲ್ಲಿ ವಾಸದ ಜಾಗಕ್ಕೆ ಬಳಸುವ 1 ಮಿಲಿಗ್ರಾಮನ್ನೇ ಇಲ್ಲಿಗೂ ಅನ್ವಯಿಸಿ ಎಂಬುದು ಹೋರಾಟಗಾರರ ಬೇಡಿಕೆ.

ಇಪ್ಪತ್ತು ಮತ್ತು ಒಂದರ ಅಂತರ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಒಂದು ಗ್ರಾಂ ಪಾದರಸವಿರುವ ಥರ್ಮಾಮೀಟರನ್ನು ಒಡೆದು 50 ಕಿಲೋ ಮಣ್ಣಿನಲ್ಲಿ, ಅಂದರೆ ಒಂದು ಸಿಮೆಂಟು ಚೀಲ ತುಂಬುವಷ್ಟರಲ್ಲಿ, ಸಮನಾಗಿ ಬೆರೆಸಿದರೆ ಅದು ಕಿಲೋಗೆ 20 ಮಿಲಿಗ್ರಾಂ. ಅದೇ ಥರ್ಮಾಮೀಟರನ್ನು ಒಂದು ಟನ್ನು ಮಣ್ಣಿಗೆ, ಇಪ್ಪತ್ತು ಚೀಲಕ್ಕೆ, ಬೆರೆಸಿದರೆ ಕಿಲೋಗೆ ಒಂದು ಮಿಲಿಗ್ರಾಂ. ಹಾಗೆಂದು ಶುದ್ಧ ಮಣ್ಣು ತಂದು ಬೆರೆಸಿ, ಮಜ್ಜಿಗೆಗೆ ನೀರು ಹಾಕಿದಂತೆ, ಸಂಖ್ಯೆಯನ್ನು ಇಳಿಸುವುದು ಶುಚಿ ಮಾಡಿದಂತಲ್ಲ; ಅಲ್ಲಿದ್ದ ಗ್ರಾಂ ಅಲ್ಲೇ ಇರುತ್ತದೆ. ಗುರಿ ಕಟ್ಟುನಿಟ್ಟಾದಷ್ಟೂ ಹೆಚ್ಚು ಜಾಗವನ್ನು, ಹೆಚ್ಚು ಆಳಕ್ಕೆ ಅಗೆಯಬೇಕು, ಖರ್ಚೂ ಅದರ ಹಿಂದೆಯೇ ಏರುತ್ತದೆ. ಇನ್ನೊಂದು ವಾದವೂ ಇತ್ತು: ಅಷ್ಟು ಅಗೆಯಲು ಮರಗಳನ್ನು ಕಡಿಯಬೇಕಾಗುತ್ತದೆ, ಮರ ಹೋದರೆ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಈ ವಾದ ಖರ್ಚು ಉಳಿಸಬೇಕಾದವರ ಬಾಯಿಂದ ಬಂದಿತೆಂಬ ಕಾರಣಕ್ಕೆ ಸುಳ್ಳಾಗುವುದಿಲ್ಲ. ಕಡಿದಾದ ಬೆಟ್ಟದಲ್ಲಿ ಬೇರು ಕಿತ್ತ ಮಣ್ಣು ಒಂದೇ ಮಳೆಗಾಲದಲ್ಲಿ ಹೊಳೆ ಸೇರುವುದನ್ನು ಪಶ್ಚಿಮ ಘಟ್ಟದ ನಮ್ಮ ಊರುಗಳವರೂ ಬಲ್ಲರು. ಆದರೆ ಮರವನ್ನು ಉಳಿಸಿದ ಕಡೆ ಅದರ ಬೇರುಗಳ ನಡುವೆ ಪಾದರಸವೂ ಉಳಿಯುತ್ತದೆ, ಮತ್ತು ಪ್ರತಿ ಮಳೆಗಾಲದ ನಂತರ ಅಲ್ಲಿಯ ಮಣ್ಣನ್ನೂ ಕೆಳಗಿನ ಹೊಳೆಯ ಹೂಳನ್ನೂ ತೆಗೆದು ಪರೀಕ್ಷಿಸುವ ಕೆಲಸ ಯಾರದಾದರೂ ಹೆಗಲಿಗೆ ಬೀಳಬೇಕು.